ಪೈಥಾನ್ ಹೊಸದಾಯ್ತು, ಕಿಟಕಿ ಮಾಯವಾಯ್ತು: ಗಂಜ್ ಅಂಗಡಿಯ ಟಿಕಿಂಟರ್ ಪುರಾಣ

ಕಲಬುರಗಿಯ ನೆಹರು ಗಂಜ್‌ನಲ್ಲಿ ನನ್ನ ಸೋದರಮಾವನ ಅಡತ್ ಅಂಗಡಿ ಇದೆ. ರೈತರು ತೊಗರಿ ತರುತ್ತಾರೆ, ಕಾಟಾ ಆಗುತ್ತದೆ, ಕೈಗೆ ತೂಕದ ಚೀಟಿ ಬರುತ್ತದೆ. ಆ ಚೀಟಿ ಮುದ್ರಿಸುವ ಪುಟ್ಟ ಪ್ರೋಗ್ರಾಮ್ ನಾನು ಬರೆದದ್ದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ತೆರೆಯ ಮೇಲೆ ಕಾಣುವ ಕಿಟಕಿ, ಬಟನ್, ತುಂಬುವ ಚೌಕ ಎಲ್ಲವೂ ಟಿಕಿಂಟರ್ ಎಂಬ ಪೈಥಾನ್ ಮಾಡ್ಯೂಲಿನವು. ರೈತನ ಹೆಸರು, ಊರು, ಚೀಲ, ತೂಕ, ಹಮಾಲಿ ತುಂಬಿ ಬಟನ್ ಒತ್ತಿದರೆ ಆಯ್ತು. ಗುಮಾಸ್ತ ಕಾಕಾ ಅದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ ಮೌಸ್ ಮುಟ್ಟುವುದೇ ಇಲ್ಲ, ಎಲ್ಲ ಟ್ಯಾಬ್ ಕೀಲಿಯಲ್ಲೇ.

ಈ ಜನವರಿಯಲ್ಲಿ ಆ ಕಿಟಕಿ ತೆರೆಯುವುದೇ ನಿಂತುಹೋಯಿತು. ಜನವರಿಯಲ್ಲಿ ಗಂಜ್ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಟ್ರ್ಯಾಕ್ಟರ್, ಟಂಟಂ, ಚೀಲ, ಧೂಳು, ಮೂಗಿಗೆ ಹೊಸ ತೊಗರಿಯ ವಾಸನೆ. ಅಂಥ ಹೊತ್ತಿನಲ್ಲಿ ಪೈಥಾನ್ ಆವೃತ್ತಿ ಬದಲಾಗಿ, ಅದರ ಹಿಂದೆಯೇ ಒಂದೊಂದೇ ಮಾಡ್ಯೂಲ್, ಅಂದರೆ ಪ್ರೋಗ್ರಾಮ್ ಕರೆದು ಬಳಸುವ ಸಿದ್ಧ ಕೋಡಿನ ಕಟ್ಟು, ಕಾಣೆಯಾಗುತ್ತ ಹೋಯಿತು. ಈಗ ಎಲ್ಲ ಸರಿಯಾಗಿದೆ. ಇದೇ ದಾರಿಯಲ್ಲಿ ಬರುವವರಿಗೆ ತಲೆಬಿಸಿ ಕಡಿಮೆಯಾಗಲಿ ಎಂದು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಕಾಕಾಗೆ ಹೇಳಿದ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಆವೃತ್ತಿ ಬದಲಿಸುವ ಅಗತ್ಯ ಬಂದದ್ದು ಹೀಗೆ. ಹಮಾಲಿ ದರ, ಕಮಿಷನ್, ಚೀಲದ ತೂಕದ ಕಡಿತ ಇವೆಲ್ಲ ಕೋಡ್ ಒಳಗೇ ಕೂತಿದ್ದವು. ದರ ಬದಲಾದಾಗೆಲ್ಲ ನನಗೇ ಫೋನ್ ಬರುತ್ತಿತ್ತು. ಬೆಂಗಳೂರಿನಲ್ಲಿರುವ ಗೆಳತಿ ಅದನ್ನೆಲ್ಲ ಬೇರೆ ಫೈಲಿಗೆ ತೆಗೆದು, ಟಾಮ್ಲ್ ಎನ್ನುವ ಸೆಟ್ಟಿಂಗ್ಸ್ ಮಾದರಿಯಲ್ಲಿ ಬರೆದುಕೊಟ್ಟಳು. ಚೆನ್ನಾಗಿತ್ತು. ಆದರೆ ಆ ಫೈಲನ್ನು ಓದಲು ಅವಳು ಬಳಸಿದ್ದು ಟಾಮ್‌ಲಿಬ್. ಅದು ಪೈಥಾನ್ ಜೊತೆಗೇ ಬರಲು ಶುರುವಾದದ್ದು 3.11ರಿಂದ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಉಬುಂಟು ಎಂಬ ಲಿನಕ್ಸ್‌ನ 22.04 ಆವೃತ್ತಿ, ಅದರ ಪೈಥಾನ್ 3.10. ಅಂಗಡಿಯದು ಇನ್ನೂ ಹಳೆಯದು, ಉಬುಂಟು 20.04, ಪೈಥಾನ್ 3.8.

'ಟಾಮ್ಲಿ ಅಂತ ಪ್ಯಾಕೇಜ್ ಇದೆ, ಹಳೆಯ ಪೈಥಾನ್‌ಗೂ ಆಗುತ್ತೆ, ಅದನ್ನೇ ಹಾಕಬಹುದಿತ್ತಲ್ಲ' ಎಂದು ಕೇಳುವವರಿದ್ದಾರೆ. ಹಾಕಬಹುದಿತ್ತು. ಆದರೆ ಪೈಥಾನ್ 3.8ಕ್ಕೆ ಅಪ್‌ಡೇಟ್ ಬರುವುದು 2024ರ ಅಕ್ಟೋಬರ್‌ಗೇ ನಿಂತಿದೆ. ಹೊಸ ಲೈಬ್ರರಿಗಳು ಒಂದೊಂದೇ ಅದರ ಕೈಬಿಡುತ್ತಿವೆ. ಇವತ್ತು ಟಾಮ್ಲಿ ಹಾಕಿ ತಪ್ಪಿಸಿಕೊಂಡರೆ ನಾಳೆ ಇನ್ನೊಂದು ಬರುತ್ತದೆ. ಒಂದೇ ಸಲ 3.12ಕ್ಕೆ ಹೋಗುವುದು ಒಳ್ಳೆಯದು ಎಂದು ನನಗನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಮೊದಲು ನನ್ನ ಲ್ಯಾಪ್‌ಟಾಪ್‌ನಲ್ಲಿ ನೋಡೋಣ ಎಂದು ಕೂತೆ. ಉಬುಂಟುಗೆ ಬೇರೆ ಬೇರೆ ಪೈಥಾನ್ ಆವೃತ್ತಿ ಕೊಡುವ ಡೆಡ್‌ಸ್ನೇಕ್ಸ್ ಎಂಬ ಪಿಪಿಎ, ಅಂದರೆ ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ, ಇದೆ. ಅದನ್ನು ಸೇರಿಸಿ ಪೈಥಾನ್ 3.12 ಹಾಕಿಕೊಂಡೆ. ಟಾಮ್‌ಲಿಬ್ ಸರಿಯಾಗಿ ಬಂತು. ಖುಷಿಯಾಯಿತು. ಪ್ರೋಗ್ರಾಮ್ ಓಡಿಸಿದರೆ ಒಂದೇ ಸಾಲು: 'ಟಿಕಿಂಟರ್ ಹೆಸರಿನ ಮಾಡ್ಯೂಲ್ ಇಲ್ಲ.'

ನಿನ್ನೆವರೆಗೆ ಇದ್ದದ್ದು ಇವತ್ತು ಇಲ್ಲ ಎಂದರೆ ಹೇಗೆ? ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತದೆ ಎಂದು ಎಲ್ಲ ಪುಸ್ತಕದಲ್ಲೂ ಇರುತ್ತದೆ ಅಲ್ವಾ?

ಎಲ್ಲರೂ ಮೊದಲು ಮಾಡುವುದು ಪಿಪ್ ಇನ್‌ಸ್ಟಾಲ್ ಟಿಕಿಂಟರ್. ಪಿಪ್ ಎಂದರೆ ಪೈಥಾನ್ ಪ್ಯಾಕೇಜ್ ಇಳಿಸಿ ಹಾಕುವ ಕಮಾಂಡ್. ಅದು ಆಗುವುದಿಲ್ಲ. 'ಇಂಥ ಹೆಸರಿನ ಪ್ಯಾಕೇಜ್ ಸಿಗಲಿಲ್ಲ' ಎಂದು ಕೆಂಪಕ್ಷರದಲ್ಲಿ ಬರುತ್ತದೆ. ಟಿಕಿಂಟರ್ ಪಿಪ್‌ನಲ್ಲಿ ಸಿಗುವ ವಸ್ತುವಲ್ಲ. ಇನ್ನು ಕೆಲವರು ಪಿಪ್ ಇನ್‌ಸ್ಟಾಲ್ ಟಿಕೆ ಎನ್ನುತ್ತಾರೆ. ಇದು ಇನ್ನೂ ಮೋಸ. ಇದು ಯಶಸ್ವಿಯಾಗಿ ಇನ್‌ಸ್ಟಾಲ್ ಆಗುತ್ತದೆ! ಆದರೆ ಆ ಹೆಸರಿನಲ್ಲಿ ಪಿಪ್‌ನಲ್ಲಿ ಕೂತಿರುವುದು ಟೆನ್ಸರ್‌ಕಿಟ್ ಎಂಬ ಬೇರೆಯೇ ಪ್ಯಾಕೇಜ್. ನಮ್ಮ ಕಿಟಕಿಗೂ ಅದಕ್ಕೂ ಸಂಬಂಧವಿಲ್ಲ. ಹಾಕಿದ್ದರೆ ಸುಮ್ನೆ ತೆಗೆದುಬಿಡಿ.

ಆಮೇಲೆ ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಟಿಕೆ. ಆಪ್ಟ್ ಎಂದರೆ ಉಬುಂಟುವಿನದೇ ಪ್ಯಾಕೇಜ್ ಹಾಕುವ ಕಮಾಂಡ್, ಸುಡೋ ಅದಕ್ಕೆ ಮಾಲೀಕನ ಅಧಿಕಾರ ಕೊಡುತ್ತದೆ. ಇಲ್ಲಿ ಬಂದ ಉತ್ತರ ನನ್ನ ತಾಳ್ಮೆಯನ್ನೇ ಕೆಡಿಸಿತು: 'ಪೈಥಾನ್3-ಟಿಕೆ ಈಗಾಗಲೇ ಇದೆ, ಅದೂ ಇತ್ತೀಚಿನದೇ.' ಆಪ್ಟ್ ಇದೆ ಎನ್ನುತ್ತದೆ, ಪೈಥಾನ್ ಇಲ್ಲ ಎನ್ನುತ್ತದೆ. ತೆಗೆದು ಮತ್ತೆ ಹಾಕಿದರೂ ಅಷ್ಟೇ.

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಉಬುಂಟು, ಡೆಬಿಯನ್‌ನಲ್ಲಿ ಟಿಕಿಂಟರ್ ಅನ್ನು ಪೈಥಾನ್‌ನಿಂದ ಬೇರ್ಪಡಿಸಿ ಇನ್ನೊಂದು ಪ್ಯಾಕೇಜ್ ಮಾಡಿದ್ದಾರೆ. ಕಿಟಕಿಯ ಕೆಲಸವೇ ಇಲ್ಲದ ಸರ್ವರ್‌ಗಳಿಗೆ ಸುಮ್ನೆ ಭಾರ ಯಾಕೆ ಎಂಬ ಲೆಕ್ಕ. ಪೈಥಾನ್3-ಟಿಕೆ ಎಂಬ ಪ್ಯಾಕೇಜ್ ಇರುವುದು ಆ ಉಬುಂಟುವಿನ ಸ್ವಂತ ಪೈಥಾನ್‌ಗೆ. 22.04ರಲ್ಲಿ ಅದು 3.10. ನಾನು ಪಕ್ಕದಲ್ಲಿ ತಂದು ಕೂರಿಸಿದ 3.12ಕ್ಕೆ ಅದು ಸಿಗುವುದಿಲ್ಲ. ಪಕ್ಕದ ಮನೆಗೆ ಸಿಲಿಂಡರ್ ಬಂದರೆ ನಮ್ಮ ಒಲೆ ಉರಿಯುತ್ತದೆಯೇ?

ಟಿಕಿಂಟರ್‌ನಲ್ಲಿ ಎರಡು ಭಾಗ ಇವೆ. ಒಂದು, ಸಾಮಾನ್ಯ ಪೈಥಾನ್ ಫೈಲುಗಳು. ಇನ್ನೊಂದು, ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿದ, ಒಂದು ಫೈಲ್. ಅದರ ಹೆಸರಿನ ಮುಂದೆ ಒಂದು ಅಡಿಗೆರೆ ಇರುತ್ತದೆ, ಅಂದರೆ ಅಂಡರ್‌ಸ್ಕೋರ್. ಈ ಅಡಿಗೆರೆಯ ಟಿಕಿಂಟರ್ ಒಂದು ಕೈಯಲ್ಲಿ ಪೈಥಾನ್ ಹಿಡಿದು ಇನ್ನೊಂದು ಕೈಯಲ್ಲಿ ಟಿಸಿಎಲ್ ಮತ್ತು ಟಿಕೆ ಹಿಡಿದಿರುತ್ತದೆ. ಟಿಸಿಎಲ್ ಪೈಥಾನ್‌ನದ್ದಲ್ಲ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ 1980ರ ದಶಕದ ಕೊನೆಯಲ್ಲಿ ಮಾಡಿದ ಬೇರೆಯೇ ಭಾಷೆ. ಕಿಟಕಿ ಬಿಡಿಸುವ ಟಿಕೆ ಅದರ ಜೊತೆಗಾರ. ಪೈಥಾನ್ ಅದನ್ನು ಎರವಲು ಪಡೆದಿದೆ, ಅಷ್ಟೇ.

ನಂಬಿಕೆ ಬರಲಿ ಎಂದು ಫೋಲ್ಡರ್ ತೆರೆದೇ ನೋಡಿದೆ. ಯುಎಸ್‌ಆರ್, ಲಿಬ್, ಪೈಥಾನ್3.10, ಅದರೊಳಗೆ ಲಿಬ್-ಡೈನ್‌ಲೋಡ್. ಅಲ್ಲಿ ಸಾಲಾಗಿ ಫೈಲುಗಳು. ಅಡಿಗೆರೆ ಟಿಕಿಂಟರ್ ಇತ್ತು, ಅದರ ಹೆಸರಿನಲ್ಲೇ 'ಸಿಪೈಥಾನ್-310' ಎಂದು ಬರೆದಿತ್ತು. ಯಾರ ಪಾಲಿನದು ಎಂದು ಹಣೆಯ ಮೇಲೇ ಬರೆದುಕೊಂಡಂತೆ. 3.12ರ ಫೋಲ್ಡರಿನಲ್ಲಿ 312 ಎಂದು ಬರೆದ ಬೇರೆ ಬೇರೆ ಫೈಲುಗಳಿದ್ದವು, ಟಿಕಿಂಟರ್ ಮಾತ್ರ ಇರಲಿಲ್ಲ.

ಪರಿಹಾರ ಒಂದೇ ಸಾಲು: ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3.12-ಟಿಕೆ. ಚುಕ್ಕೆಯ ಮುಂದಿನ ಸಂಖ್ಯೆ ಮುಖ್ಯ. ಡೆಡ್‌ಸ್ನೇಕ್ಸ್‌ನಲ್ಲಿ ಪ್ರತಿ ಆವೃತ್ತಿಗೂ ಅದರದೇ ಟಿಕೆ ಪ್ಯಾಕೇಜ್ ಇರುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಒಂದು ಪ್ರೋಗ್ರಾಮಿಗೆಂದೇ ಬೇರೆ ಇಡುವ ಪ್ಯಾಕೇಜ್ ಫೋಲ್ಡರ್, ಮಾಡುವವರು ಜೊತೆಗೇ ಪೈಥಾನ್3.12-ವೆನ್ವ್ ಕೂಡ ಹಾಕಿಕೊಳ್ಳಿ, ಅದೂ ಬೇರೆ ಪ್ಯಾಕೇಜೇ.

ಬಂತೋ ಇಲ್ಲವೋ ನೋಡಲು ಪ್ರೋಗ್ರಾಮ್ ಬೇಡ. ಪೈಥಾನ್3.12 ಅಡ್ಡಗೆರೆ ಎಂ ಟಿಕಿಂಟರ್ ಎಂದು ಓಡಿಸಿದರೆ ಸಾಕು. ಒಂದು ಪುಟ್ಟ ಬೂದು ಕಿಟಕಿ ತೆರೆದು 'ಇದು ಟಿಸಿಎಲ್/ಟಿಕೆ 8.6.12' ಎಂದು ತೋರಿಸುತ್ತದೆ. ಕೆಳಗೆ ಎರಡು ಬಟನ್. 'ಕ್ಲಿಕ್ ಮಿ' ಒತ್ತಿದಾಗೆಲ್ಲ ಆ ಅಕ್ಷರಗಳ ಸುತ್ತ ಒಂದೊಂದು ಜೊತೆ ಚೌಕ ಆವರಣ ಬೆಳೆಯುತ್ತ ಹೋಗುತ್ತದೆ. ನಾನು ಸುಮಾರು ಹೊತ್ತು ಅದನ್ನೇ ಒತ್ತುತ್ತ ಕೂತಿದ್ದೆ. ಅಷ್ಟು ಹೊತ್ತು ಒದ್ದಾಡಿದ ಮೇಲೆ ಅದೂ ಒಂದು ಮಜಾ.

ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಟಿಕಿಂಟರ್ ಬಳಸದೇ ಇದ್ದರೂ ಈ ಕಾಟ ಬರಬಹುದು. ಆಮೆ ಓಡಿಸುವ ಟರ್ಟಲ್ ಮಾಡ್ಯೂಲ್ ನಿಂತಿರುವುದು ಟಿಕಿಂಟರ್ ಮೇಲೆ. ಪೈಥಾನ್ ಜೊತೆ ಬರುವ ಎಡಿಟರ್ ಐಡಲ್ ಕೂಡ. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಂತೂ ಕೆಲವು ಸಲ ದೊಡ್ಡ ದೋಷವೇನೂ ಬರುವುದಿಲ್ಲ, ಒಂದು ಎಚ್ಚರಿಕೆ ಕೊಟ್ಟು ಗ್ರಾಫ್ ತೋರಿಸದೇ ಮುಗಿಸಿಬಿಡುತ್ತದೆ. ಪೈಥಾನ್ 2 ಕಾಲದ ಹಳೆಯ ನೋಟ್ಸ್ ನೋಡಿ ಬರೆಯುವವರು ಹೆಸರಿನ ಮೊದಲ ಅಕ್ಷರ ಗಮನಿಸಿ. ಆಗ ದೊಡ್ಡಕ್ಷರ ಟಿ ಇತ್ತು, ಪೈಥಾನ್ 3ರಲ್ಲಿ ಸಣ್ಣಕ್ಷರ. ಇನ್ನೊಂದು, ನಿಮ್ಮ ಫೈಲಿಗೇ ಟಿಕಿಂಟರ್ ಡಾಟ್ ಪಿವೈ ಎಂದು ಹೆಸರಿಡಬೇಡಿ. ಪೈಥಾನ್ ಅದನ್ನೇ ಟಿಕಿಂಟರ್ ಎಂದುಕೊಂಡು ತೆರೆಯುತ್ತದೆ.

ಕಿಟಕಿ ಬಂತು, ಇನ್ನೇನು ಎಂದುಕೊಂಡರೆ ಪಿಐಎಲ್ ಎಂಬ ಮಾಡ್ಯೂಲ್ ಇಲ್ಲ ಎಂದಿತು.

ಇದಕ್ಕೆ ಹಿನ್ನೆಲೆ ಇದೆ. ಕಾಕಾಗೆ ಕಿಟಕಿಯಲ್ಲಿ ಕನ್ನಡವೇ ಬೇಕು. ಆದರೆ ಟಿಕೆ 8.6ಕ್ಕೆ ಲಿನಕ್ಸ್‌ನಲ್ಲಿ ಕನ್ನಡ ಜೋಡಿಸಲು ಬರುವುದಿಲ್ಲ. ಅಕ್ಷರ ಕಾಣುತ್ತದೆ, ಆದರೆ ಒತ್ತು ಕೆಳಗಿಳಿಯುವುದಿಲ್ಲ. 'ಒಟ್ಟು' ಎಂದು ಬರೆದರೆ 'ಒಟ್‌ಟು' ಎಂದು ತಲೆಕಟ್ಟಿನ ಮೇಲೆ ಕೊಂಬು ಹೊತ್ತು ನಿಲ್ಲುತ್ತದೆ. 'ಅಫಜಲಪುರ' ಹೇಗೋ ಪಾಸಾಗುತ್ತದೆ, 'ಚಿತ್ತಾಪುರ' ಫೇಲ್. ಫಾಂಟ್ ಬದಲಿಸಿದರೆ ಸರಿಹೋಗುವ ರೋಗ ಇದಲ್ಲ. ಹಾಗಾಗಿ ನಾನು ಪಿಲ್ಲೋ ಎಂಬ ಚಿತ್ರಗಳ ಲೈಬ್ರರಿಯಿಂದ ಕನ್ನಡ ಲೇಬಲ್‌ಗಳನ್ನು ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನು ಟಿಕಿಂಟರ್ ಕಿಟಕಿಗೆ ಅಂಟಿಸುತ್ತೇನೆ. ಪಿಲ್ಲೋ ಒಳಗೆ ರಾಕಮ್ ಎಂಬ ಭಾಗವಿದೆ, ಅದು ಒತ್ತಕ್ಷರ ಸರಿಯಾಗಿ ಜೋಡಿಸುತ್ತದೆ. ಸುತ್ತುಬಳಸಿನ ದಾರಿಯೇ, ಆದರೆ ನಡೆಯುತ್ತದೆ.

ಹಳೆಯ ಪಿಲ್ಲೋ ಆಪ್ಟ್‌ನಿಂದ ಬಂದದ್ದು, ಅದೂ 3.10ರ ಪಾಲಿನದು. 3.12ಕ್ಕೆ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ ಪಿಪ್ ಇನ್‌ಸ್ಟಾಲ್ ಪಿಲ್ಲೋ ಎಂದೆ. ಬಂತು. ಹಾಕುವಾಗ ಹೆಸರು ಪಿಲ್ಲೋ, ಕೋಡ್‌ನಲ್ಲಿ ಕರೆಯುವಾಗ ಪಿಐಎಲ್. ಹಳೆಯ ಎನ್ವಿರಾನ್‌ಮೆಂಟ್ ಫೋಲ್ಡರನ್ನೇ ಹೊಸ ಆವೃತ್ತಿಗೆ ಎಳೆಯಲು ಹೋಗಬೇಡಿ. ಅಳಿಸಿ ಹೊಸದು ಮಾಡುವುದೇ ವಾಸಿ. ಮತ್ತೆ, ಎನ್ವಿರಾನ್‌ಮೆಂಟ್ ಹೊಸದು ಮಾಡಿದ ಮಾತ್ರಕ್ಕೆ ಟಿಕಿಂಟರ್ ಬರುವುದಿಲ್ಲ. ಅದು ಯಾವ ಮೂಲ ಪೈಥಾನ್‌ನಿಂದ ಹುಟ್ಟಿತೋ ಅಲ್ಲಿ ಇದ್ದರೆ ಇಲ್ಲೂ ಇರುತ್ತದೆ.

ಇಷ್ಟಾದ ಮೇಲೆ ಹೊಸ ಪ್ರೋಗ್ರಾಮನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಕಳಿಸಿದೆ. ಭಾನುವಾರ ಬಂದು ನಾನೇ ಹಾಕಿಕೊಡುತ್ತೇನೆ, 3.11 ಅಥವಾ ಅದಕ್ಕಿಂತ ಮೇಲಿನ ಪೈಥಾನ್ ಬೇಕು ಎಂದೂ ಹೇಳಿದ್ದೆ. ಮಾವನಿಗೆ ಭಾನುವಾರದವರೆಗೆ ತಡೆಯಲಿಲ್ಲ. ಹತ್ತಿರದ ರಿಪೇರಿ ಹುಡುಗನನ್ನು ಕರೆಸಿ 'ಪೈಥಾನ್ ಹೊಸದು ಹಾಕಪ್ಪಾ' ಎಂದಿದ್ದಾನೆ. ಆ ಹುಡುಗ 300 ರೂಪಾಯಿ ತೆಗೆದುಕೊಂಡು, ಆಪ್ಟ್‌ನಲ್ಲಿ ಸಿಕ್ಕ 3.9 ಹಾಕಿ, ಪೈಥಾನ್3 ಎಂದರೆ ಯಾವ ಆವೃತ್ತಿ ಎಂದು ತೋರಿಸುವ ಸಿಸ್ಟಂನ ಲಿಂಕನ್ನೇ 3.8ರಿಂದ 3.9ಕ್ಕೆ ತಿರುಗಿಸಿ ಹೋಗಿದ್ದಾನೆ.

ಮಧ್ಯಾಹ್ನ ಕಾಕಾ ಫೋನ್. 'ತಂಗಿ, ಕಿಡಕಿ ತೆರಿವಲ್ದು. ಹಳೇದೂ ಇಲ್ಲ, ಹೊಸಾದೂ ಇಲ್ಲ. ಹೊರಗ ಗಾಡಿ ನಿಂತಾವ.'

ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆಯಿರಿ ಎಂದೆ. ಟರ್ಮಿನಲ್ ಕೂಡ ತೆರೆಯುವುದಿಲ್ಲ! ಐಕಾನ್ ಒತ್ತಿದರೆ ಸ್ವಲ್ಪ ಸುತ್ತುತ್ತದೆ, ಮಾಯವಾಗುತ್ತದೆ. ನನಗೆ ಕೈಕಾಲು ತಣ್ಣಗಾಯಿತು. ಅಲ್ಲಿಯವರೆಗೆ ಕೈಬರಹದ ಪಾವತಿ ಪುಸ್ತಕ ಹೊರತೆಗೆಯಿರಿ ಎಂದೆ. ಕಾಕಾ ಅಷ್ಟರಲ್ಲಾಗಲೇ ಕಾರ್ಬನ್ ಪೇಪರ್ ಹುಡುಕುತ್ತಿದ್ದರು.

ಒಂದು ಪುಣ್ಯವೆಂದರೆ, ಪ್ರೋಗ್ರಾಮಿನ ದೋಷಗಳೆಲ್ಲ ಒಂದು ಲಾಗ್ ಫೈಲಿಗೆ ಬೀಳುವಂತೆ ಮಾಡಿಟ್ಟಿದ್ದೆ. ನೀವೂ ಮಾಡಿ, ಇನ್ನೊಬ್ಬರ ಅಂಗಡಿಯಲ್ಲಿ ಓಡುವ ಪ್ರೋಗ್ರಾಮ್ ಆದರೆ ಬೇಕೇ ಬೇಕು. ಕಾಕಾ ಆ ಫೈಲ್ ತೆರೆದು ಕೊನೆಯ ಸಾಲು ಓದಿದರು.

'ಇಮೇಜಿಂಗ್ ಸಿಗವಲ್ದು ಅಂತದ.'

'ಇಮೇಜಿಂಗ್ ಮುಂದೆ ಏನಾದರೂ ಇದೆಯಾ?'

'ಏನಿಲ್ಲ.'

'ಸರಿ ನೋಡಿ ಕಾಕಾ. ಕೆಳಗೆ ಒಂದು ಸಣ್ಣ ಗೆರೆ?'

'ಹಾಂ, ಗೆರಿ ಅದ. ಅದೂ ಓದಬೇಕೇನು?'

ಓದಬೇಕು. ಈ ಇಡೀ ಪುರಾಣದಲ್ಲಿ ನಾನು ಕಲಿತದ್ದರಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಆ ಗೆರೆಯೇ. ಕಾಣೆಯಾದ ಹೆಸರಿನ ಮುಂದೆ ಅಡಿಗೆರೆ ಇದ್ದರೆ, ಹೆಚ್ಚಿನ ಸಲ ಪೈಥಾನ್ ಫೈಲುಗಳು ಸಿಕ್ಕಿವೆ, ಸಿ ಭಾಷೆಯಲ್ಲಿ ಕಂಪೈಲ್ ಆದ ತುಂಡು ಸಿಕ್ಕಿಲ್ಲ ಎಂದರ್ಥ. ಒಂದೋ ಅದು ಬೇರೆ ಆವೃತ್ತಿಯದು, ಇಲ್ಲವೇ ಅದನ್ನು ಮಾಡೇ ಇಲ್ಲ. ಅಡಿಗೆರೆ ಇಲ್ಲದಿದ್ದರೆ ಇಡೀ ಪ್ಯಾಕೇಜೇ ಇಲ್ಲ. ಇಲ್ಲಿ ಆದದ್ದು ಇದು: ಆಪ್ಟ್‌ನ ಪಿಲ್ಲೋ 3.8ಕ್ಕೆಂದು ಕಂಪೈಲ್ ಆದದ್ದು, ಅದನ್ನು ಈಗ 3.9 ತೆರೆಯಲು ನೋಡುತ್ತಿದೆ. ಟರ್ಮಿನಲ್ ಸತ್ತದ್ದೂ ಇದೇ ಕಾರಣಕ್ಕೆ. 20.04ರಲ್ಲಿ ಗ್ನೋಮ್ ಟರ್ಮಿನಲ್ ಶುರುವಾಗುವುದು ಒಂದು ಪೈಥಾನ್ ಸ್ಕ್ರಿಪ್ಟ್‌ನಿಂದ. ಅದಕ್ಕೆ ಜಿಐ ಎಂಬ ಮಾಡ್ಯೂಲ್ ಬೇಕು, ಅದರ ಅಡಿಗೆರೆ ತುಂಡು ಕೂಡ 3.8ರದೇ.

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಉಬುಂಟುವಿನ ಸ್ವಂತ ಪೈಥಾನ್3 ಲಿಂಕ್ ಮುಟ್ಟಬೇಡಿ. 'ಅಪ್‌ಡೇಟ್-ಆಲ್ಟರ್ನೇಟಿವ್ಸ್ ಓಡಿಸಿ ಡೀಫಾಲ್ಟ್ ಬದಲಿಸಿ' ಎಂದು ಹೇಳುವವರು ಬಹಳ. ಆ ಪೈಥಾನ್ ನಮ್ಮದಲ್ಲ, ಸಿಸ್ಟಂನದು. ಟರ್ಮಿನಲ್, ಸಾಫ್ಟ್‌ವೇರ್ ಅಪ್‌ಡೇಟರ್, ತಪ್ಪು ಕಮಾಂಡ್ ಕೊಟ್ಟಾಗ ಸಲಹೆ ಕೊಡುವ ಸ್ಕ್ರಿಪ್ಟ್ ಎಲ್ಲ ಅದರ ಮೇಲೆಯೇ ನಡೆಯುತ್ತವೆ. ನಿಮಗೆ ಹೊಸದು ಬೇಕಾದರೆ ಪಕ್ಕದಲ್ಲಿ ಹಾಕಿಕೊಂಡು ಪೂರ್ತಿ ಹೆಸರಿನಿಂದ ಕರೆಯಿರಿ.

ಸಂಜೆ ಕೆಲಸ ಮುಗಿಸಿ ನೇರ ಗಂಜ್‌ಗೆ ಹೋದೆ. ಟರ್ಮಿನಲ್ ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಪೂರ್ತಿ ಕಪ್ಪು ತೆರೆ ಬಂದು ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಮಾವ ಹಿಂದೆ ನಿಂತು 'ಎಲ್ಲಾ ಅಳಿಸಿ ಹೋತೇನು?' ಎಂದು ಕೇಳುತ್ತಿದ್ದ. ಲಿಂಕನ್ನು ಮತ್ತೆ 3.8ಕ್ಕೆ ತಿರುಗಿಸಿದೆ. ಸುಡೋ ಎಲ್‌ಎನ್ ಅಡ್ಡಗೆರೆ ಎಸ್‌ಎಫ್, ಆಮೇಲೆ 3.8ರ ಹಾದಿ, ಆಮೇಲೆ ಪೈಥಾನ್3ರ ಹಾದಿ.

ಅಲ್ಲೇ, ಕಪ್ಪು ತೆರೆಯಲ್ಲೇ, ಟಿಕಿಂಟರ್ ಪರೀಕ್ಷೆ ಓಡಿಸಿದೆ. ಹೊಸ ದೋಷ: 'ಡಿಸ್‌ಪ್ಲೇ ಹೆಸರಿಲ್ಲ.' ಇದನ್ನು ನೋಡಿ ಹೆದರಬೇಡಿ, ಇದು ಒಳ್ಳೆಯ ಸುದ್ದಿ. ಟಿಕಿಂಟರ್ ಸಿಕ್ಕಿದೆ, ಕಿಟಕಿ ಬಿಡಿಸಲು ತೆರೆ ಸಿಕ್ಕಿಲ್ಲ, ಅಷ್ಟೇ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಓಡಿಸುವವರಿಗೂ ಇದೇ ಬರುತ್ತದೆ. ಡೆಸ್ಕ್‌ಟಾಪ್‌ಗೆ ವಾಪಸ್ ಬಂದು ಐಕಾನ್ ಒತ್ತಿದರೆ ಹಳೆಯ ಪ್ರೋಗ್ರಾಮ್ ತೆರೆಯಿತು. ಕಾಕಾ ಕಾರ್ಬನ್ ಪೇಪರ್ ಮಡಚಿ ಒಳಗಿಟ್ಟು, ಮಧ್ಯಾಹ್ನದ ಚೀಟಿಗಳನ್ನು ಒಂದೊಂದೇ ಕಂಪ್ಯೂಟರಿಗೆ ಏರಿಸಲು ಕೂತರು. ಅದು ಮುಗಿಯುವ ತನಕ ನನಗೆ ಕೀಬೋರ್ಡ್ ಸಿಗಲಿಲ್ಲ. ಸುಸಲಾ, ಮಿರ್ಚಿ ತಿನ್ನುತ್ತ ಕಾದೆ.

ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇನಲ್ಲೇ ಮುಗಿದಿದೆ. ಡೆಡ್‌ಸ್ನೇಕ್ಸ್‌ನಿಂದ ಅದಕ್ಕೆ 3.12 ಸಿಗಲಿಲ್ಲ. ಉಬುಂಟುವನ್ನೇ ಬದಲಿಸೋಣ ಎಂದರೆ ಮಾವ ಒಪ್ಪಲಿಲ್ಲ. 'ಪ್ರಿಂಟರ್ ನಡೀಲಿಕತ್ತದ, ಸೀಸನ್ ಮುಗಿಯೋತನ ಅದಕ್ಕ ಕೈ ಹಚ್ಚಬ್ಯಾಡ.' ಆ ಮಾತು ಸರಿಯಾಗಿಯೇ ಇತ್ತು. ಉಳಿದದ್ದು ಪೈಎನ್ವ್. ಇದು ಪೈಥಾನ್‌ನ ಮೂಲ ಕೋಡ್ ಇಳಿಸಿ, ನಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ, ನಮ್ಮ ಹೋಮ್ ಫೋಲ್ಡರಿನಲ್ಲಿ ಇಡುತ್ತದೆ. ಸಿಸ್ಟಂ ಪೈಥಾನ್‌ಗೆ ಕೈ ಹಾಕುವುದಿಲ್ಲ.

ಅಂಗಡಿಯಲ್ಲಿ ಇಂಟರ್ನೆಟ್ ಇಲ್ಲ, ನನ್ನ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನದ ಡೇಟಾ ಮಧ್ಯದಲ್ಲೇ ಮುಗಿದು ಮೇಲೆ ಹಾಕಿಸಬೇಕಾಯಿತು. ಪೈಥಾನ್ ಮೂಲ ಕೋಡ್ ದೊಡ್ಡದೇನಲ್ಲ, ಡೇಟಾ ತಿಂದದ್ದು ಆಪ್ಟ್‌ನ ಅಪ್‌ಡೇಟ್‌ಗಳು. ಆಮೇಲೆ ಕಾಯುವುದು. ಹಳೆಯ ಕಂಪ್ಯೂಟರ್, 4 ಜಿಬಿ ರ‍್ಯಾಮ್. ಪೈಎನ್ವ್ 'ಇನ್‌ಸ್ಟಾಲ್ ಮಾಡುತ್ತಿದ್ದೇನೆ' ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಎಷ್ಟಾಯಿತು, ಎಷ್ಟು ಬಾಕಿ ಏನೂ ಹೇಳುವುದಿಲ್ಲ. ಫ್ಯಾನ್ ಶಬ್ದ ಜೋರಾದರೆ ಕೆಲಸ ನಡೆಯುತ್ತಿದೆ ಎಂದು ತಿಳಿದುಕೊಳ್ಳಬೇಕು.

ಮುಗಿಯಿತು. ಆದರೆ ಕೊನೆಯಲ್ಲಿ ಒಂದು ಎಚ್ಚರಿಕೆಯ ಸಾಲು: ಟಿಕಿಂಟರ್ ಭಾಗ ಕಂಪೈಲ್ ಆಗಲಿಲ್ಲ, ಟಿಕೆ ಟೂಲ್‌ಕಿಟ್ ಇಲ್ಲವೇನೋ ನೋಡಿ. ಪರೀಕ್ಷೆ ಓಡಿಸಿದೆ. ಈ ಸಲ 'ಅಡಿಗೆರೆ ಟಿಕಿಂಟರ್ ಇಲ್ಲ' ಎಂದು ಬಂತು. ಲ್ಯಾಪ್‌ಟಾಪ್‌ನಲ್ಲಿ ಬಂದದ್ದು ಅಡಿಗೆರೆ ಇಲ್ಲದ್ದು, ಇಲ್ಲಿ ಇರುವುದು. ಅಲ್ಲಿ ಆಪ್ಟ್ ಇಡೀ ಟಿಕಿಂಟರ್ ಅನ್ನೇ ಪಕ್ಕಕ್ಕೆ ಇಟ್ಟಿತ್ತು. ಇಲ್ಲಿ ಪೈಥಾನ್ ಫೈಲುಗಳೆಲ್ಲ ಬಂದಿವೆ, ಸಿ ತುಂಡು ಮಾತ್ರ ಆಗಿಲ್ಲ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಪೈಥಾನ್ ಕಂಪೈಲ್ ಆಗುವಾಗ ಟಿಕೆಯ ಹೆಡರ್ ಫೈಲುಗಳು ಸಿಗದಿದ್ದರೆ ಕೆಲಸ ನಿಲ್ಲಿಸುವುದಿಲ್ಲ. ಅದೊಂದನ್ನು ಬಿಟ್ಟು ಮುಂದೆ ಹೋಗುತ್ತದೆ. ಎಸ್‌ಕ್ಯೂಲೈಟ್ ಇಲ್ಲದಿದ್ದರೂ ಹಾಗೇ, ಬಿಜಿಪ್2 ಇಲ್ಲದಿದ್ದರೂ ಹಾಗೇ. ಆ ಕಂಪ್ಯೂಟರಿನಲ್ಲಿ ಕಂಪೈಲ್‌ಗೆ ಬೇಕಾದ ಬೇರೆ ಪ್ಯಾಕೇಜ್‌ಗಳೆಲ್ಲ ಮೊದಲೇ ಇದ್ದವು. ಟಿಕೆ-ಡೆವ್ ಒಂದು ಇರಲಿಲ್ಲ. ಕಿಟಕಿ ತೋರಿಸಲು ಬೇಕಾದ ಟಿಕೆ ಇದ್ದರೆ ಸಾಲದು, ಅದರ ಜೊತೆ ಹೊಲಿಗೆ ಹಾಕಲು ಡೆವ್ ಎಂಬ ಬಾಲವಿರುವ ಪ್ಯಾಕೇಜ್ ಬೇಕು.

ಸುಡೋ ಆಪ್ಟ್ ಇನ್‌ಸ್ಟಾಲ್ ಟಿಕೆ-ಡೆವ್. ಇದರಿಂದ ಆಗಲೇ ಕಂಪೈಲ್ ಆದ ಪೈಥಾನ್ ತಾನಾಗಿ ಸರಿಹೋಗುವುದಿಲ್ಲ. ಮತ್ತೆ ಮೊದಲಿನಿಂದ ಕಂಪೈಲ್ ಮಾಡಬೇಕು, ಪೈಎನ್ವ್ ಇನ್‌ಸ್ಟಾಲ್ ಅಡ್ಡಗೆರೆ ಎಫ್ 3.12 ಎಂದು. ಮತ್ತೆ ಅದೇ ಒಂದು ಸಾಲು, ಅದೇ ಮೌನ, ಅದೇ ಫ್ಯಾನ್. ಮಾವ ಷಟರ್ ಅರ್ಧ ಎಳೆದು ಒಳಗೆ ಬಂದು ಕೂತ. ಮನೆಯಿಂದ ಅತ್ತೆಯ ಫೋನ್ ಮೇಲೆ ಫೋನ್, ರೊಟ್ಟಿ ತಣ್ಣಗಾಗುತ್ತಿದೆ ಎಂದು. ಈ ಸಲ ಎಚ್ಚರಿಕೆಯ ಸಾಲು ಬರಲಿಲ್ಲ. ಪರೀಕ್ಷೆಯ ಬೂದು ಕಿಟಕಿ ಬಂತು. ಇಲ್ಲಿ 8.6.10 ಎಂದು ತೋರಿಸಿತು. 'ಕ್ಲಿಕ್ ಮಿ' ಒತ್ತುವ ಕೆಲಸವನ್ನು ಮಾವನಿಗೆ ಕೊಟ್ಟೆ.

ಪೈಎನ್ವ್ ದಾರಿ ಹಿಡಿಯುವವರು ಶುರುವಿನಲ್ಲೇ ಇವನ್ನೆಲ್ಲ ಹಾಕಿಕೊಳ್ಳಿ: ಬಿಲ್ಡ್-ಎಸೆನ್ಷಿಯಲ್, ಲಿಬ್‌ಎಸ್‌ಎಸ್‌ಎಲ್-ಡೆವ್, ಜಡ್‌ಲಿಬ್1ಜಿ-ಡೆವ್, ಲಿಬ್‌ಬಿಜಡ್2-ಡೆವ್, ಲಿಬ್‌ರೀಡ್‌ಲೈನ್-ಡೆವ್, ಲಿಬ್‌ಎಸ್‌ಕ್ಯೂಲೈಟ್3-ಡೆವ್, ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಎಲ್‌ಜಡ್‌ಎಂಎ-ಡೆವ್, ಟಿಕೆ-ಡೆವ್. ಇವುಗಳಲ್ಲಿ ಕೆಲವು ಬಿಟ್ಟುಹೋದರೆ ಅದು ಗೊತ್ತಾಗುವುದು ಕೆಲವು ಸಲ ಬಹಳ ತಡವಾಗಿ, ಬೇರೆ ಯಾವುದೋ ಪ್ರೋಗ್ರಾಮಿನಲ್ಲಿ.

ಲಿನಕ್ಸ್‌ನ ಬೇರೆ ಬಗೆಗಳಲ್ಲಿ ಹೆಸರು ಬೇರೆ. ಫೆಡೋರಾದಲ್ಲಿ ಪೈಥಾನ್3-ಟಿಕಿಂಟರ್, ಆರ್ಚ್‌ನಲ್ಲಿ ಬರೀ ಟಿಕೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಬಳಸುವವರಿಗೆ ಪೈಥಾನ್-ಟಿಕೆ ಎಂದು ಪ್ರತಿ ಆವೃತ್ತಿಗೂ ಬೇರೆ ಪ್ಯಾಕೇಜ್ ಇದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಮತ್ತೆ ಓಡಿಸಿ, ಮಾಡಿಫೈ ಒತ್ತಿ, ಟಿಸಿಎಲ್/ಟಿಕೆ ಮತ್ತು ಐಡಲ್ ಎಂಬಲ್ಲಿ ಟಿಕ್ ಇದೆಯೋ ನೋಡಿ. ಎಲ್ಲೇ ಆಗಲಿ, ಮೊದಲು ಸಿಸ್ ಮಾಡ್ಯೂಲಿನ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ, ನಿಜಕ್ಕೂ ಯಾವ ಪೈಥಾನ್ ಓಡುತ್ತಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ವಿಎಸ್ ಕೋಡ್ ಒಂದನ್ನು ಹಿಡಿದಿರುತ್ತದೆ, ಟರ್ಮಿನಲ್ ಇನ್ನೊಂದನ್ನು.

ಉಳಿದ ಕೆಲಸ ಬೇಗ ಆಯಿತು. 3.12ರಿಂದ ಎನ್ವಿರಾನ್‌ಮೆಂಟ್, ಅದರಲ್ಲಿ ಪಿಲ್ಲೋ, ರಾಕಮ್ ಇದೆಯೇ ಎಂದು ಒಂದು ಪರೀಕ್ಷೆ. 'ಒಟ್ಟು' ಒತ್ತು ಸಮೇತ ಬಂತು.

ಬೆಳಗ್ಗೆ ಮತ್ತೆ ಕಾಕಾ ಫೋನ್. ಐಕಾನ್ ಒತ್ತಿದರೆ ಹಳೆಯದೇ ತೆರೆಯುತ್ತಿದೆ. ಡೆಸ್ಕ್‌ಟಾಪ್ ಐಕಾನಿನೊಳಗೆ ಎಕ್ಸೆಕ್ ಎಂಬ ಸಾಲಿರುತ್ತದೆ, ಅಲ್ಲಿ ಇನ್ನೂ ಸಿಸ್ಟಂ ಪೈಥಾನ್‌ನ ಹೆಸರಿತ್ತು. ಬರೀ ಪೈಥಾನ್3 ಎಂದು ಬರೆದರೆ ಸಾಲದು, ಎನ್ವಿರಾನ್‌ಮೆಂಟ್ ಒಳಗಿನ ಪೈಥಾನ್‌ನ ಪೂರ್ತಿ ಹಾದಿ ಕೊಡಬೇಕು. ಫೋನಿನಲ್ಲೇ ಒಂದೊಂದೇ ಅಕ್ಷರ ಹೇಳಿದೆ. ಈ ಸಲ ಕಾಕಾ ಓದಿ ತೋರಿಸುವಾಗ ಚುಕ್ಕೆ, ಓರೆಗೆರೆ, ಅಡಿಗೆರೆ ಒಂದನ್ನೂ ಬಿಡಲಿಲ್ಲ. ಹಳೆಯ ಪ್ರೋಗ್ರಾಮಿನ ಐಕಾನನ್ನೂ ಪಕ್ಕದಲ್ಲಿ ಇಟ್ಟಿದ್ದೇವೆ, ಸೀಸನ್ ಮುಗಿಯುವವರೆಗೆ ಇರಲಿ ಎಂದು.

ಮೇ ತಿಂಗಳಲ್ಲಿ ಗಂಜ್ ಖಾಲಿ ಇರುತ್ತದೆ. ಆಗ ಉಬುಂಟು 24.04 ಹಾಕಿಬಿಡೋಣ, ಅದರ ಸ್ವಂತ ಪೈಥಾನೇ 3.12, ಬರೀ ಪೈಥಾನ್3-ಟಿಕೆ ಹಾಕಿದರೆ ಸಾಕು, ಈ ಪೈಎನ್ವ್ ಗೊಡವೆಯೇ ಇರುವುದಿಲ್ಲ ಎಂದು ಮಾವನಿಗೆ ಹೇಳಿದ್ದೇನೆ. ಪ್ರಿಂಟರ್ ನಡೆಯುತ್ತದೆ ಎಂದು ಮೊದಲು ತೋರಿಸು, ಆಮೇಲೆ ಮಾತು ಎಂದಿದ್ದಾನೆ.